ಮೊದಲು ಪರೀಕ್ಷೆಗೆ ಕಾಸು, ಆಮೇಲೆ ಪಾರ್ಟ್ಸ್‌ಗೆ

ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿ ಕಡೆ ಹೊರಟರೆ ಮದ್ದೂರು ಚೆಕ್‌ಪೋಸ್ಟ್ ಆದಮೇಲೆ ಬಂಡೀಪುರದ ಕಾಡು. ಅಲ್ಲಿ ಗಾಡಿ ನಿಲ್ಲಿಸುವಂತಿಲ್ಲ. 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರವೂ ಬಂದ್. ಕಲ್ಲಿಕೋಟೆಗೆ ಹೋಗುವವರಿಗೆ ಇನ್ನೂ ಮುಂದೆ ಲಕ್ಕಿಡಿಯಲ್ಲಿ ತಾಮರಶ್ಶೇರಿ ಘಾಟಿ ಕಾದಿರುತ್ತದೆ: ಒಂಬತ್ತು ಹೇರ್‌ಪಿನ್ ತಿರುವು, ಉದ್ದಕ್ಕೂ ಇಳಿಜಾರು. ಈ ದಾರಿಯಲ್ಲಿ ಓಡಾಡುವ ನನ್ನ ಮಾರುತಿ 800ಕ್ಕೆ ಎಸಿ ಕೆಟ್ಟರೆ ವರ್ಷಗಟ್ಟಲೆ ಹಾಗೇ ಬಿಡುತ್ತೇನೆ. ಸೀಟ್ ಹರಿದರೆ ಕವರ್ ಹಾಕಿ ಸುಮ್ಮನಾಗುತ್ತೇನೆ. ಬ್ರೇಕಿನ ವಿಷಯದಲ್ಲಿ ಮಾತ್ರ ಒಂದು ದಿನವೂ ಮುಂದೂಡುವುದಿಲ್ಲ. ಆದರೆ ಚೌಕಾಸಿ ಮಾಡದೆ ದುಡ್ಡು ಕೊಡುವುದು ಬೇರೆ, ಲೆಕ್ಕವಿಲ್ಲದೆ ಕೊಡುವುದು ಬೇರೆ. ಈ ಅಂಕಣದ ವಿಷಯ ಅದೇ.

ಹಿಂದಿನ ಚಕ್ರಗಳ ಬ್ರೇಕ್ ಶೂ ಸವೆದಿತ್ತು. ಗುಂಡ್ಲುಪೇಟೆಯ ಒಂದು ಗ್ಯಾರೇಜಿನಲ್ಲಿ ಹೊಸದು ಹಾಕಿಸಿದೆ. ಪೆಡಲ್ ಮೆತ್ತಗಾಯಿತು. ಮೊದಲ ಸಲ ತುಳಿದರೆ ಅರ್ಧಕ್ಕಿಂತ ಕೆಳಗೆ ಹೋಗುವುದು, ಪಟ್ಟನೆ ಇನ್ನೊಮ್ಮೆ ತುಳಿದರೆ ಮೇಲೆ ನಿಲ್ಲುವುದು. 'ಏರ್ ಹಿಡಿದಿದೆ' ಎಂದರು. ಒಬ್ಬ ಹುಡುಗ ಒಳಗೆ ಕೂತು ಪಂಪ್ ಮಾಡಿ ಒತ್ತಿ ಹಿಡಿಯುವುದು, ಇನ್ನೊಬ್ಬ ಚಕ್ರದ ಹತ್ತಿರ ನಿಪ್ಪಲ್ ಸಡಿಲಿಸಿ ಬಿಗಿ ಮಾಡುವುದು. ಪಾರದರ್ಶಕ ಪೈಪಿನಲ್ಲಿ ಗುಳ್ಳೆ ಬರುವುದು ನಿಂತೇ ಹೋಗಿತ್ತು. ಆದರೂ ಬ್ರೇಕ್ ಆಯಿಲ್ ಬಾಟಲಿ ಖಾಲಿಯಾಗುತ್ತಿತ್ತು, ಪೆಡಲ್ ಮಾತ್ರ ಮೆತ್ತಗೇ ಇತ್ತು. ಕೊನೆಗೆ ಒಂದು ಚೀಟಿ ಕೈಗೆ ಬಂತು: ಮಾಸ್ಟರ್ ಸಿಲಿಂಡರ್, ಮುಂದಿನ ಕ್ಯಾಲಿಪರ್ ಕಿಟ್, ಎಲ್ಲ ಹೋಸ್ ಪೈಪ್. ಆ ಮೊತ್ತ ಕಾರಿನ ಈಗಿನ ಬೆಲೆಯ ದೊಡ್ಡ ಪಾಲೇ ಆಗುತ್ತಿತ್ತು.

ನಾನು ಒಪ್ಪಲಿಲ್ಲ. ಅದೇ ಬೀದಿಯಲ್ಲಿ ಲಾರಿ ಕೆಲಸ ಮಾಡಿ ಪಳಗಿದ ಹಿರಿಯ ಮೆಕ್ಯಾನಿಕ್ ಒಬ್ಬರಿದ್ದಾರೆ. ನೋಡಿ ಹೇಳಿದ್ದಕ್ಕೇ ಮಜೂರಿ ಕೊಡುತ್ತೇನೆಂದು ಮೊದಲೇ ಹೇಳಿ ಅವರನ್ನು ಕರೆತಂದೆ. ಅವರು ಸ್ಪ್ಯಾನರ್ ಮುಟ್ಟಲಿಲ್ಲ. ಸೀಟಿನಲ್ಲಿ ಕೂತು ಪೆಡಲನ್ನು ನಿಧಾನಕ್ಕೆ ಒತ್ತಿ ಒಂದು ನಿಮಿಷ ಹಾಗೇ ಹಿಡಿದರು. ಪೆಡಲ್ ಇಳಿಯಲಿಲ್ಲ. ಆಮೇಲೆ ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆದು ಮತ್ತೆ ಒತ್ತಿದರು. ಪೆಡಲ್ ಮೇಲೇ ಗಟ್ಟಿಯಾಗಿ ನಿಂತಿತು. 'ಏರೂ ಇಲ್ಲ ಗೀರೂ ಇಲ್ಲ ಕಣ್ ಸಾ, ಹಿಂದುಗಡೆ ಶೂ ಡ್ರಮ್ಮಿಂದ ದೂರ ನಿಂತವೆ' ಅಂದರು. ಡ್ರಮ್ ಬಿಚ್ಚಿದರೆ, ತಾನಾಗಿ ಸರಿಹೊಂದಬೇಕಿದ್ದ ಅಡ್ಜಸ್ಟರಿನ ಹಲ್ಲುಗಳು ತುಕ್ಕು ಹಿಡಿದು ಅಲುಗುತ್ತಲೇ ಇರಲಿಲ್ಲ. ತಂತಿ ಬ್ರಷ್‌ನಲ್ಲಿ ಉಜ್ಜಿ, ಶೂ ಹತ್ತಿರಕ್ಕೆ ತಂದು, ಚಕ್ರ ಕೈಯಲ್ಲಿ ತಿರುಗಿಸಿ ಸಣ್ಣಗೆ ತಾಗುವ ಸದ್ದು ಕೇಳುವವರೆಗೆ ಅಡ್ಜಸ್ಟ್ ಮಾಡಿದರು. ಹೊಸ ಪಾರ್ಟ್ಸ್ ಒಂದೂ ಬೇಕಾಗಲಿಲ್ಲ.

ಹ್ಯಾಂಡ್‌ಬ್ರೇಕ್ ಎಳೆದಾಗ ಹಿಂದಿನ ಶೂಗಳು ಡ್ರಮ್ಮಿನ ಹತ್ತಿರಕ್ಕೆ ಬರುತ್ತವೆ. ಪೆಡಲಿನ ದಾರಿಯೆಲ್ಲ ಆ ನಡುವಿನ ಅಂತರ ತುಂಬಲಿಕ್ಕೇ ಖರ್ಚಾಗುತ್ತಿದ್ದರೆ, ಈಗ ಆ ಖರ್ಚು ತಪ್ಪಿ ಪೆಡಲ್ ಮೇಲೆ ಬರುತ್ತದೆ. ನಿಜವಾಗಿ ಗಾಳಿ ಸೇರಿದ್ದರೆ ಪೆಡಲ್ ಮೇಲೆ ಬಂದರೂ ಸ್ಪಂಜಿನ ಹಾಗೆ ಒತ್ತಿಸಿಕೊಳ್ಳುತ್ತದೆ. ಒತ್ತಿ ಹಿಡಿದಾಗ ಮೆಲ್ಲಮೆಲ್ಲಗೆ ನೆಲಕ್ಕೆ ಇಳಿದು, ಹೊರಗೆಲ್ಲೂ ಆಯಿಲ್ ಸೋರಿಲ್ಲವೆಂದರೆ ಮಾತ್ರ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರಿನ ಮೇಲೆ ಅನುಮಾನ. ಬಗೆಹರಿಯದಿದ್ದರೆ ಪ್ರತಿ ಚಕ್ರದ ರಬ್ಬರ್ ಹೋಸನ್ನು ಅದಕ್ಕೆಂದೇ ಇರುವ ಕ್ಲ್ಯಾಂಪಿನಿಂದ ಒಂದೊಂದಾಗಿ ಮೆಲ್ಲಗೆ ಬಿಗಿದು ನೋಡುತ್ತಾರೆ. ಯಾವುದನ್ನು ಬಿಗಿದಾಗ ಪೆಡಲ್ ಗಟ್ಟಿಯಾಯಿತೋ ದೋಷ ಆ ಚಕ್ರದ ಕಡೆ. ಇಷ್ಟಕ್ಕೂ ಬೇಕಾದ್ದು ಅರ್ಧ ಗಂಟೆ, ಕಿವಿ, ಕಾಲು.

ಗಾಳಿ ಹೋಗದೇ ಸತಾಯಿಸುವುದಕ್ಕೂ ಕಾರಣಗಳಿವೆ. ಎಡ ಬಲದ ಕ್ಯಾಲಿಪರ್ ಅದಲುಬದಲಾಗಿ ಕೂತರೆ ನಿಪ್ಪಲ್ ಕೆಳಮುಖವಾಗುತ್ತದೆ. ಗುಳ್ಳೆ ಯಾವಾಗಲೂ ಮೇಲೇ ನಿಲ್ಲುವುದರಿಂದ ಎಷ್ಟು ಬಾಟಲಿ ಸುರಿದರೂ ಹೊರಬರುವುದಿಲ್ಲ. ಕೆಲಸದ ನಡುವೆ ಮೇಲಿನ ಬ್ರೇಕ್ ಆಯಿಲ್ ಡಬ್ಬಿ ಒಮ್ಮೆ ಬರಿದಾದರೂ ಮೊದಲಿಂದ ಶುರು. ಹಳೇ ಗಾಡಿಯಲ್ಲಿ ಇನ್ನೊಂದು ಅಪಾಯ: ಪಂಪ್ ಮಾಡುವ ಹುಡುಗ ಪೆಡಲನ್ನು ನೆಲಕ್ಕೆ ತಾಗುವವರೆಗೆ ತುಳಿದರೆ, ಎಂದೂ ರಬ್ಬರ್ ಓಡದ ತುಕ್ಕಿನ ಜಾಗದ ಮೇಲೆ ಸೀಲ್ ಉಜ್ಜಿ ಹರಿಯಬಹುದು. ಚೆನ್ನಾಗಿದ್ದ ಮಾಸ್ಟರ್ ಸಿಲಿಂಡರ್ ಏರ್ ತೆಗೆಯುವಾಗಲೇ ಕೆಡುವುದು ಹೀಗೆ. ಪೆಡಲ್ ಕೆಳಗೆ ಒಂದು ಮರದ ತುಂಡು ಇಟ್ಟರೆ ಆ ಖರ್ಚು ಉಳಿಯುತ್ತದೆ. ತುಕ್ಕು ಹಿಡಿದ ನಿಪ್ಪಲ್‌ಗೆ ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಅವಸರದಲ್ಲಿ ತಿರುಪಿದರೆ ಮುರಿದು ಇಡೀ ವೀಲ್ ಸಿಲಿಂಡರ್ ಬದಲಿಸಬೇಕಾಗುತ್ತದೆ.

ದುಡ್ಡಿನ ನಿಜವಾದ ಗುಟ್ಟು ನಮ್ಮ ಚೌಕಾಸಿಯಲ್ಲಿದೆ. ಪಾರ್ಟ್ಸ್ ಬಿಲ್ಲಿಗೆ ತುಟಿ ಬಿಚ್ಚದೆ ಕೊಡುವ ನಾವು ಮಜೂರಿಗೆ ಮಾತ್ರ ಜಗ್ಗಾಡುತ್ತೇವೆ. 'ಏನೂ ಹಾಕಲೇ ಇಲ್ಲವಲ್ಲ, ಇಷ್ಟೇಕೆ?' ಅನ್ನುತ್ತೇವೆ. ಹಾಗಂದಮೇಲೆ ಗ್ಯಾರೇಜಿನವರು ತಮ್ಮ ಸಂಪಾದನೆಯನ್ನು ಪಾರ್ಟ್ಸ್‌ನಲ್ಲೇ ಹುಡುಕುತ್ತಾರೆ. ದೋಷ ಹುಡುಕಿದ್ದಕ್ಕೆ ಕಾಸು ಸಿಗದ ಕಡೆ ದೋಷ ಯಾರೂ ಹುಡುಕುವುದಿಲ್ಲ, ಒಂದೊಂದೇ ಬದಲಿಸಿ ನೋಡುತ್ತಾರೆ. ಅದರ ಬಿಲ್ ನಮಗೇ ಬರುತ್ತದೆ. ಆ ಹಿರಿಯರಿಗೆ ನಾನು ಸಂತೋಷದಿಂದ ಕೊಟ್ಟ ಮಜೂರಿ ಒಂದು ಹೊಸ ಮಾಸ್ಟರ್ ಸಿಲಿಂಡರಿನ ಬೆಲೆಯ ಹತ್ತಿರಕ್ಕೂ ಬರಲಿಲ್ಲ.

ಖರ್ಚು ಮಾಡಲೇಬೇಕಾದದ್ದು ಬ್ರೇಕ್ ಆಯಿಲ್‌ಗೆ. ಅದು ಗಾಳಿಯಿಂದ ನೀರಿನಂಶ ಹೀರುತ್ತದೆ. ಡಾಟ್ 3 ದರ್ಜೆಯದ್ದು ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ನೂರಕ್ಕೆ 3.7ರಷ್ಟು ನೀರು ಸೇರಿದರೆ ಆ ಮಿತಿ 140ಕ್ಕೆ ಇಳಿಯುತ್ತದೆ. ಘಾಟಿ ಇಳಿಯುವಾಗ ಬ್ರೇಕ್ ಒತ್ತಿಕೊಂಡೇ ಇದ್ದರೆ ಆಯಿಲ್ ಒಳಗೇ ಕುದ್ದು ಆವಿಯಾಗಬಹುದು. ಆಗ ಪೆಡಲ್ ಒಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸುವುದು ಒಳ್ಳೆಯದು. ಆ ದುಡ್ಡು ಒಂದು ಸಲ ಟ್ಯಾಂಕ್ ತುಂಬಿಸುವ ಪೆಟ್ರೋಲಿಗಿಂತ ಕಡಿಮೆ. ಅರ್ಧ ಉಳಿದ ಹಳೇ ಬಾಟಲಿಯನ್ನು ಜೋಪಾನ ಮಾಡಿ ಮುಂದಿನ ವರ್ಷ ಸುರಿಯಬೇಡಿ. ರಬ್ಬರಿನ ಭಾಗಗಳನ್ನು ಪೆಟ್ರೋಲ್, ಸೀಮೆಎಣ್ಣೆಯಲ್ಲಿ ತೊಳೆಯಲು ಬಿಡಬೇಡಿ, ಅವು ಊದಿಕೊಂಡು ಕೆಡುತ್ತವೆ.

'ವಿಮೆ ಇದೆಯಲ್ಲ' ಎನ್ನುವವರಿಗೆ ಒಂದು ಮಾತು. ಹಳೇ ಕಾರುಗಳಿಗೆ ಬಹಳ ಜನ ಮಾಡಿಸುವುದು ಥರ್ಡ್ ಪಾರ್ಟಿ ಮಾತ್ರ, ಅದು ಎದುರಿನವರ ನಷ್ಟಕ್ಕೆ. ಪೂರ್ಣ ಪಾಲಿಸಿ ಇದ್ದರೂ ಸವೆತ ಮತ್ತು ಯಾಂತ್ರಿಕ ದೋಷದ ರಿಪೇರಿಗೆ ಅದು ದುಡ್ಡು ಕೊಡುವುದಿಲ್ಲ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 2022ರ ಏಪ್ರಿಲ್ 1ರಿಂದ ಶುಲ್ಕ 600 ರೂಪಾಯಿಯಿಂದ 5,000 ಆಯಿತು. ಅಷ್ಟು ಕಟ್ಟಿ ಐದು ವರ್ಷಕ್ಕೆ ಗಾಡಿ ಉಳಿಸಿಕೊಳ್ಳುವವರು ಬ್ರೇಕಿಗೆಂದು ವರ್ಷಕ್ಕೆ ಒಂದಿಷ್ಟು ಹಣ ಬೇರೆ ಎತ್ತಿಡಲೇಬೇಕು.

ನೀವೂ ಈ ದಾರಿಯವರಾದರೆ ನಾಳೆ ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿ, ನಿಂತಲ್ಲೇ ಪೆಡಲನ್ನು ಒಂದು ನಿಮಿಷ ಒತ್ತಿ ಹಿಡಿದು ನೋಡಿ. ಅದು ಮೆಲ್ಲಗೆ ನೆಲದ ಕಡೆ ಇಳಿಯುತ್ತಿದ್ದರೆ ಗಾಡಿ ಹೊರಗೆ ತೆಗೆಯಬೇಡಿ, ಮೆಕ್ಯಾನಿಕ್ಕನ್ನು ಮನೆಗೇ ಕರೆಸಿ.