ಕಾರಿನ ಮೈಮೇಲೆ ಚಿತ್ರದುರ್ಗ

ರೇಸಿಂಗ್ ಗೇಮಿನಲ್ಲಿ ಓಡುವ ಕಾರಿನ ಬಣ್ಣವೆಲ್ಲ ಒಂದು ಚೌಕ ಚಿತ್ರದಲ್ಲಿ ಅಡಗಿರುತ್ತದೆ. ಬಾನೆಟ್ ಒಂದು ಮೂಲೆಯಲ್ಲಿ, ಬಾಗಿಲು ಇನ್ನೊಂದು ಕಡೆ ಅಡ್ಡಡ್ಡ, ಹಿಂದಿನ ಬಂಪರ್ ತಲೆಕೆಳಗು, ಪಕ್ಕದ ಕನ್ನಡಿಗಳ ಚಿಪ್ಪು ಸಿಕ್ಕ ಸಂದಿಯಲ್ಲಿ. ದರ್ಜಿ ಕತ್ತರಿಸಿ ಹರಡಿಟ್ಟ ಬಟ್ಟೆಯ ತುಂಡುಗಳ ಹಾಗೆ ಇದನ್ನು ಮೊದಲ ಸಲ ನೋಡಿದವರಿಗೆ ಯಾವುದು ತೋಳು, ಯಾವುದು ಬೆನ್ನು ಎಂದು ಗೊತ್ತಾಗುವುದಿಲ್ಲ. ಇದಕ್ಕೆ ಟೆಂಪ್ಲೇಟ್ ಎನ್ನುತ್ತಾರೆ. ಇದರ ಮೇಲೆ ಬಳಿದದ್ದು ಗೇಮ್ ತೆರೆದಾಗ ಕಾರಿನ ಮೈಗೆ ಬಂದು ಕೂರುತ್ತದೆ. ಹಾಗೆ ಕೂತ ಬಣ್ಣದ ಹೊದಿಕೆಗೆ ಆಡುವ ಹುಡುಗರು ಸ್ಕಿನ್ ಎನ್ನುತ್ತಾರೆ; ನಿಜವಾದ ರೇಸಿನವರು ಲಿವರಿ ಎನ್ನುತ್ತಾರೆ.

ನನ್ನ ಅಕ್ಕನ ಮಗ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಸಂಜೆಯಾದರೆ ಮೇಜಿಗೆ ಬಿಗಿದ ಸ್ಟಿಯರಿಂಗ್ ಮುಂದೆ ಅವನು, ಪರದೆಯ ಮೇಲೆ ಅಸೆಟ್ಟೊ ಕೊರ್ಸಾ. ಇಟಲಿಯ ಕುನೋಸ್ ಸಿಮುಲಾಝಿಯೋನಿ ಈ ಗೇಮನ್ನು ಪೂರ್ಣರೂಪದಲ್ಲಿ ಹೊರತಂದದ್ದು 2014ರ ಡಿಸೆಂಬರಿನಲ್ಲಿ. ಇಷ್ಟು ವರ್ಷ ಕಳೆದರೂ ಜನ ಇದನ್ನು ಬಿಟ್ಟಿಲ್ಲ. ಹೊಸ ಕಾರು, ಹೊಸ ಟ್ರ್ಯಾಕು, ಹೊಸ ಬಣ್ಣಗಳನ್ನು ಆಡುವವರೇ ಮಾಡಿ ಸೇರಿಸಲು ಇದರಲ್ಲಿ ದಾರಿ ಇದೆ. ಅದೇ ದಾರಿ ಹಿಡಿದು ಅವನು ಒಂದು ದಿನ ಕೇಳಿದ: “ಮಾಮ, ನೀವು ದಿನಾ ಫ್ಲೆಕ್ಸು, ಲಗ್ನಪತ್ರಿಕೆ ಮಾಡ್ತೀರಲ್ಲ. ನನ್ನ ಕಾರಿನ ಮೇಲೆ ಕನ್ನಡದಲ್ಲಿ ‘ಚಿತ್ರದುರ್ಗ’ ಅಂತ ಬರೆದುಕೊಡಿ.” ನಮ್ಮೂರಿನ ಹೆಸರು. ಜೊತೆಗೆ ಕನ್ನಡದಲ್ಲೇ ‘ನಂದಿನಿ’ ಹಾಲಿನ ಗುರುತೂ ಬೇಕಂತೆ. 2024ರ ಟಿ20 ವಿಶ್ವಕಪ್‌ನಲ್ಲಿ ಸ್ಕಾಟ್ಲೆಂಡ್ ಆಟಗಾರರ ಅಂಗಿಯ ಮೇಲೆ ಕನ್ನಡ ಅಕ್ಷರದ ನಂದಿನಿ ಕಂಡಾಗಿನಿಂದ ಅವನ ತಲೆಯಲ್ಲಿ ಅದು ಕೂತುಬಿಟ್ಟಿತ್ತು. ಸ್ಕಾಟ್ಲೆಂಡಿನವರ ತೋಳಿಗೆ ಒಗ್ಗುವ ಅಕ್ಷರ ಜರ್ಮನ್ ಕಾರಿನ ಬಾಗಿಲಿಗೆ ಯಾಕೆ ಒಗ್ಗಬಾರದು? ಅವನ ವಾದ ನನಗೂ ಹಿಡಿಸಿತು.

ಕಾರು ಬಿಎಂಡಬ್ಲ್ಯು ಝಡ್4 ಜಿಟಿ3. ಗೇಮಿನ ಫೋಲ್ಡರಿನೊಳಗೆ ಕಾರುಗಳದ್ದೊಂದು ಫೋಲ್ಡರ್, ಅದರೊಳಗೆ ಈ ಕಾರಿನದ್ದು, ಅದರೊಳಗೆ ಸ್ಕಿನ್ಸ್. ಅಲ್ಲಿ ಹೊಸದೊಂದು ಫೋಲ್ಡರ್ ಮಾಡಿ ನಮ್ಮ ಚಿತ್ರಗಳನ್ನಿಟ್ಟರೆ ಕಾರಿಗೆ ಹೊಸ ಬಣ್ಣ ಸಿದ್ಧ. ಷರತ್ತು ಒಂದೇ: ಕಾರಿನ ಮಾದರಿಯಲ್ಲಿ ಚಿತ್ರಕ್ಕೆ ಯಾವ ಹೆಸರಿದೆಯೋ ನಮ್ಮ ಚಿತ್ರಕ್ಕೂ ಅದೇ ಹೆಸರಿರಬೇಕು, ಅಕ್ಷರ ಅಕ್ಷರವೂ ಹೊಂದಬೇಕು. ಹೆಸರು ತಪ್ಪಿದರೆ ಗೇಮ್ ಯಾವ ದೂರೂ ಹೇಳುವುದಿಲ್ಲ, ಸುಮ್ಮನೆ ಹಳೆಯ ಬಣ್ಣವನ್ನೇ ತೋರಿಸುತ್ತದೆ.

ಅನುಭವಿಗಳು ಬಣ್ಣಕ್ಕೆ ಕೈ ಹಾಕುವ ಮೊದಲು ಟೆಂಪ್ಲೇಟಿನ ತುಂಬ ಚೌಕಳಿ ಹಾಕಿ, ಪ್ರತಿ ಚೌಕಕ್ಕೂ ಒಂದು ಸಂಖ್ಯೆ ಬರೆದು, ಅದನ್ನೇ ಕಾರಿಗೆ ತೊಡಿಸಿ ನೋಡುತ್ತಾರೆ. ಇದು ನಾನು ಕಲಿತ ಮೊದಲ ಪಾಠ, ಇಂದಿಗೂ ಬಿಡದ ಪಾಠ. ಚಕ್ರದ ಕಮಾನಿನ ಹತ್ತಿರ ಚೌಕಗಳು ಉದ್ದಕ್ಕೆ ಎಳೆದಂತೆ ಕಾಣುತ್ತವೆ; ಅಲ್ಲಿ ಅಕ್ಷರ ಬರೆದರೆ ಅದೂ ಹಾಗೇ ಹಿಗ್ಗುತ್ತದೆ. ಬಾಗಿಲು ಮತ್ತು ಮುಂಭಾಗದ ಫೆಂಡರ್ ಸೇರುವಲ್ಲಿ ಗೆರೆಗಳು ಒಂದಕ್ಕೊಂದು ಕೂಡದಿದ್ದರೆ, ಅಡ್ಡಪಟ್ಟಿ ಎಳೆಯುವಾಗ ಎಷ್ಟು ಸರಿಸಬೇಕೆಂದು ಅಲ್ಲೇ ಅಳೆಯಬಹುದು. ಕೆಲವು ಕಾರುಗಳಲ್ಲಿ ಎಡಬಲ ಎರಡಕ್ಕೂ ಒಂದೇ ತುಂಡು ಇರುತ್ತದೆ. ಅಂಥ ಕಾರಿಗೆ ಪಟ್ಟೆ, ಹೂಬಳ್ಳಿ ನಡೆಯುತ್ತದೆ, ಬರಹ ನಡೆಯುವುದಿಲ್ಲ. ಒಂದು ಬದಿಯಲ್ಲಿ ಸರಿಯಾಗಿ ಓದಿಸಿಕೊಂಡದ್ದು ಇನ್ನೊಂದು ಬದಿಯಲ್ಲಿ ಕನ್ನಡಿಯೊಳಗಿನ ಅಕ್ಷರವಾಗುತ್ತದೆ. ಹಾಗಾಗಿ ಬರಹ ಬೇಕೆಂದವರು ಕಾರನ್ನು ಆರಿಸುವಾಗಲೇ ಇದನ್ನು ನೋಡಿಕೊಳ್ಳಬೇಕು.

ಚೌಕಳಿಯ ಈ ಕಾರು ನೋಡಿದಾಗಲೆಲ್ಲ ನನಗೆ ಕಲಾವಿದ ಫ್ರಾಂಕ್ ಸ್ಟೆಲ್ಲಾ ನೆನಪಾಗುತ್ತಾರೆ. ಬಿಎಂಡಬ್ಲ್ಯು ಆರ್ಟ್ ಕಾರ್ ಸರಣಿ 1975ರಲ್ಲಿ ಅಲೆಕ್ಸಾಂಡರ್ ಕಾಲ್ಡರ್ ಬಣ್ಣ ಕೊಟ್ಟ 3.0 ಸಿಎಸ್ಎಲ್ ಕಾರಿನಿಂದ ಶುರುವಾಯಿತು. ಮರುವರ್ಷ ಸ್ಟೆಲ್ಲಾ ಅದೇ ಮಾದರಿಯ ಕಾರಿನ ಮೈತುಂಬ ಗ್ರಾಫ್ ಕಾಗದದ ಹಾಗೆ ಕಪ್ಪುಬಿಳುಪಿನ ಚೌಕಳಿ ಹಾಕಿದರು. ಎರಡೂ ಫ್ರಾನ್ಸಿನ ಲ ಮಾನ್ 24 ಗಂಟೆಯ ರೇಸಿನಲ್ಲಿ ಓಡಿದವು. ಆ ಚೌಕಳಿಯ ಸೊಗಸಿರುವುದು ಅದು ಬಾಗುವ ಕಡೆಗಳಲ್ಲಿ. ಕಾರಿನ ಮೈ ಎಲ್ಲಿ ಉಬ್ಬಿದೆ, ಎಲ್ಲಿ ತಗ್ಗಿದೆ ಎಂಬುದನ್ನು ಗೆರೆಗಳೇ ಹೇಳುತ್ತವೆ. ಗೇಮಿನವರು ಲೆಕ್ಕಕ್ಕಾಗಿ ಮಾಡುವುದನ್ನು ಅವರು ಚಿತ್ರವಾಗಿಯೇ ಉಳಿಸಿದ್ದರು.

ಈಗ ಅಕ್ಷರಕ್ಕೆ ಬರೋಣ. ನಮ್ಮ ಮುದ್ರಣದ ಕೆಲಸದಲ್ಲಿ ‘ನುಡಿ’ ತಂತ್ರಾಂಶದ ಹಳೆಯ ಫಾಂಟುಗಳು ಕೈಗೆ ಒಗ್ಗಿವೆ. ಅವು ಯೂನಿಕೋಡ್ ಅಲ್ಲ. ಅಕ್ಷರದ ತುಂಡುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ, ಆದ್ದರಿಂದ ಯಾವ ತಂತ್ರಾಂಶದಲ್ಲೂ ಒತ್ತು ಜಾರುವುದಿಲ್ಲ. ಯೂನಿಕೋಡ್ ಫಾಂಟಿನಲ್ಲಿ ಹಾಗಲ್ಲ. ಒತ್ತಕ್ಷರವನ್ನು ಕೂಡಿಸುವ ಕೆಲಸ ತಂತ್ರಾಂಶದ್ದು. ಫೋಟೋಶಾಪಿನಲ್ಲಿ ಭಾರತೀಯ ಭಾಷೆಗಳ ಜೋಡಣೆಯ ಆಯ್ಕೆ ಆನ್ ಆಗಿರದಿದ್ದರೆ ‘ಚಿತ್ರದುರ್ಗ’ ಹೋಗಿ ‘ಚಿತ್‌ರದುರ್‌ಗ’ ಆಗುತ್ತದೆ. ಇಂಕ್‌ಸ್ಕೇಪ್ ಮತ್ತು ಗಿಂಪ್, ಎರಡೂ ಉಚಿತ, ಈ ಜೋಡಣೆಯನ್ನು ತಾವಾಗಿಯೇ ಸರಿಯಾಗಿ ಮಾಡುತ್ತವೆ. ಅಕ್ಷರ ಸರಿ ಕೂತ ಕೂಡಲೇ ಅದನ್ನು ಪಾತ್ ಮಾಡಿಕೊಳ್ಳುವುದು ನನ್ನ ಪದ್ಧತಿ. ಆಮೇಲೆ ಯಾವ ತಂತ್ರಾಂಶಕ್ಕೆ ಒಯ್ದರೂ ಅದು ಬರೀ ಆಕಾರ, ಒಡೆಯುವ ಭಯವಿಲ್ಲ.

ಫಾಂಟ್ ಯಾವುದು? ಲಗ್ನಪತ್ರಿಕೆಗೆ ಚೆಂದ ಕಾಣುವ ತೆಳ್ಳನೆಯ, ಬಳ್ಳಿಬಳ್ಳಿಯ ಅಕ್ಷರ ಕಾರಿಗೆ ಬೇಡ. ಇದಕ್ಕೆ ರುಚಿಗಿಂತ ಗಟ್ಟಿಯಾದ ಕಾರಣವಿದೆ, ಅದು ಲೆಕ್ಕದ್ದು. ಪರದೆಯ ಅಗಲ 1920 ಪಿಕ್ಸೆಲ್, ಅಡ್ಡಲಾಗಿ ಕಾಣುವ ನೋಟ 60 ಡಿಗ್ರಿ ಎಂದುಕೊಳ್ಳಿ. 50 ಮೀಟರ್ ದೂರದಲ್ಲಿ ಒಂದು ಮೀಟರ್ ಉದ್ದದ ವಸ್ತು ಸುಮಾರು 33 ಪಿಕ್ಸೆಲ್ ಆಗಿ ಕಾಣುತ್ತದೆ. ನಾಲ್ಕೂವರೆ ಮೀಟರಿನ ಕಾರು ಪಕ್ಕದಿಂದ 150 ಪಿಕ್ಸೆಲ್. ಬಾಗಿಲ ಮೇಲಿನ 10 ಸೆಂಟಿಮೀಟರ್ ಎತ್ತರದ ಅಕ್ಷರ ಬರೀ ಮೂರು ಪಿಕ್ಸೆಲ್! ಅದರಡಿಯ ಒತ್ತಿಗೆ ಸಿಗುವುದು ಒಂದೋ ಎಷ್ಟೋ. ರೋಮನ್ ದೊಡ್ಡಕ್ಷರಗಳು ಒಂದೇ ಸಾಲಿನ ಎತ್ತರದಲ್ಲಿ ನಿಲ್ಲುತ್ತವೆ. ಕನ್ನಡಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು, ಪಕ್ಕದಲ್ಲಿ ಕೊಂಬು, ಎಲ್ಲಕ್ಕೂ ಜಾಗ ಬೇಕು. ‘ನಂದಿನಿ’ಯಲ್ಲಿ ಒತ್ತೇ ಇಲ್ಲ, ಸ್ವಲ್ಪ ಚಿಕ್ಕದಾಗಿ ಬರೆದರೂ ನಡೆಯುತ್ತದೆ. ‘ಚಿತ್ರದುರ್ಗ’ದಲ್ಲಿ ತಕಾರದ ಕೆಳಗೆ ರವೊತ್ತು, ಗಕಾರದ ಮಗ್ಗುಲಿಗೆ ಅರ್ಕಾವೊತ್ತು, ಅವು ಅಳಿಸಿದರೆ ಊರಿನ ಹೆಸರೇ ಹೋಯಿತು.

ಅದಕ್ಕೇ ದಪ್ಪ ಮೈಯ ‘ಬಾಲೂ ತಮ್ಮ’ ಫಾಂಟನ್ನು ಆರಿಸಿದೆ. ಒಳಗಿನ ಬಿಳಿ ಜಾಗ ಮುಚ್ಚಿಹೋಗದಂತೆ ಅಕ್ಷರಗಳ ನಡುವೆ ಕೊಂಚ ಅಂತರ ಹೆಚ್ಚಿಸಿ, ಒತ್ತುಗಳನ್ನು ಮಾತ್ರ ಒಂದಿಷ್ಟು ದೊಡ್ಡದು ಮಾಡಿ ಕೆಳಗೆ ಸರಿಸಿದೆ. ಹತ್ತಿರದಿಂದ ನೋಡಿದರೆ ಅನುಪಾತ ಸ್ವಲ್ಪ ವಿಚಿತ್ರ, ದೂರದಿಂದ ಸರಿ. ಹಳೆಯ ಕಾಲದ ಬೋರ್ಡ್ ಬರೆಯುವ ಕಲಾವಿದರು ಬಸ್ಸಿನ ಹಣೆಯ ಮೇಲೆ ಊರಿನ ಹೆಸರು ಬರೆಯುವಾಗ ಒತ್ತಿಗೆ ಕೊಡುತ್ತಿದ್ದ ಉದಾರವಾದ ಜಾಗ ನನಗೆ ಚೆನ್ನಾಗಿ ನೆನಪಿದೆ. ಅವರು ಬರೆಯುತ್ತಿದ್ದದ್ದು ನಿಲ್ದಾಣದಲ್ಲಿ ಚೀಲ ಹಿಡಿದು ದೂರದಿಂದ ಓಡಿ ಬರುವವನಿಗೆ. ಆ ಕಣ್ಣಳತೆಯನ್ನು ಕಂಪ್ಯೂಟರ್ ಮುಂದೆ ಕೂತವರು ಮತ್ತೆ ಕಲಿಯಬೇಕಾಗಿದೆ.

ದೂರದಿಂದ ಗುರುತು ಸಿಗುವ ಕಾರುಗಳ ದೊಡ್ಡ ಪರಂಪರೆಯೇ ರೇಸಿಂಗ್‌ನಲ್ಲಿದೆ. ಗಲ್ಫ್ ತೈಲ ಕಂಪನಿಯ ತಿಳಿನೀಲಿ ಮೈ, ನಡುವೆ ಕಿತ್ತಳೆ ಪಟ್ಟಿ: 1968 ಮತ್ತು 1969ರಲ್ಲಿ ಈ ಬಣ್ಣದ ಫೋರ್ಡ್ ಜಿಟಿ40 ಲ ಮಾನ್ ಗೆದ್ದಿತು, ಎರಡು ವರ್ಷವೂ ಅದೇ ಕಾರು. ಹೆಸರು ಓದಲು ಬಾರದಷ್ಟು ದೂರದಲ್ಲೂ ಅದು ಯಾರದೆಂದು ತಿಳಿಯುತ್ತದೆ, ಏಕೆಂದರೆ ಅಲ್ಲಿರುವುದು ಎರಡೇ ಬಣ್ಣ, ಒಂದೇ ಪಟ್ಟಿ. 1971ರ ಪೋರ್ಷೆ 917/20 ಇನ್ನೂ ಧೈರ್ಯದ್ದು. ಮೈತುಂಬ ಗುಲಾಬಿ ಬಣ್ಣ, ಮೇಲೆ ಕಟುಕರ ಅಂಗಡಿಯಲ್ಲಿ ಹಂದಿಯ ಭಾಗಗಳನ್ನು ಗುರುತಿಸುವ ಚುಕ್ಕಿಗೆರೆಗಳು. 1979ರಲ್ಲಿ ಆ್ಯಂಡಿ ವಾರ್ಹಾಲ್ ಬಿಎಂಡಬ್ಲ್ಯು ಎಂ1 ಕಾರಿಗೆ ಅರ್ಧ ಗಂಟೆಯೊಳಗೆ ಸ್ವತಃ ಕುಂಚ ಹಿಡಿದು ಬಣ್ಣ ಬಳಿದರು. ಆ ಕಾರು ಲ ಮಾನ್‌ನಲ್ಲಿ ಒಟ್ಟಾರೆ ಆರನೆಯದಾಗಿ ಮುಗಿಸಿತು. ಇವನ್ನೆಲ್ಲ ನೋಡಿದ ಮೇಲೆ ಅಕ್ಕನ ಮಗ ತಂದುಕೊಟ್ಟಿದ್ದ ಉದ್ದನೆಯ ಪಟ್ಟಿಯಿಂದ (ಕೋಟೆಯ ಚಿತ್ರ, ಕಾಲೇಜಿನ ಲಾಂಛನ, ಗೆಳೆಯರ ಹೆಸರು) ಒಂದೊಂದೇ ಕೈಬಿಟ್ಟೆವು. ಉಳಿದದ್ದು ಹಳದಿ ಮೈ, ಕೆಂಪು ತಳ, ಬಾಗಿಲಗಲ ಊರಿನ ಹೆಸರು, ಬಾನೆಟ್ಟಿನ ಮೇಲೆ ನಂದಿನಿ. ಕೋಟೆಯ ಚಿತ್ರ ಬಿಡಲು ಅವನಿಗೆ ಮನಸ್ಸಿರಲಿಲ್ಲ. ಕೊನೆಗೆ ಕೆಂಪು ತಳದ ಮೇಲಂಚನ್ನೇ ಕೋಟೆಯ ತೆನೆಗಳ ಹಾಗೆ ಕಚ್ಚುಕಚ್ಚಾಗಿ ಕೊರೆದೆವು. ಈ ಕೆಲಸದಲ್ಲಿ ನನಗೆ ಅತ್ಯಂತ ತೃಪ್ತಿ ಕೊಟ್ಟ ನಿರ್ಧಾರ ಅದೇ.

ಚಿತ್ರ ಮುಗಿದರೂ ಕೆಲಸ ಮುಗಿಯುವುದಿಲ್ಲ. ಗೇಮ್ ಬಯಸುವುದು ಡಿಡಿಎಸ್ ಎಂಬ ಬಗೆಯ ಕಡತ. 4096ಕ್ಕೆ 4096 ಪಿಕ್ಸೆಲ್ ಚಿತ್ರವನ್ನು ಹಿಂಡದೆ ಇಟ್ಟರೆ ಗ್ರಾಫಿಕ್ಸ್ ಕಾರ್ಡಿನಲ್ಲಿ 64 ಎಂಬಿ ಹಿಡಿಯುತ್ತದೆ. ಡಿಎಕ್ಸ್‌ಟಿ1 ವಿಧಾನದಲ್ಲಿ ಹಿಂಡಿದರೆ 8 ಎಂಬಿ. ರೇಸಿನಲ್ಲಿ 20 ಕಾರು ಒಟ್ಟಿಗೆ ಓಡುವಾಗ ಈ ಅಂತರ ಸಣ್ಣದಲ್ಲ. ಆದರೆ ಹಿಂಡುವ ರೀತಿ ತಿಳಿದಿರಬೇಕು. ಅದು ಚಿತ್ರವನ್ನು ನಾಲ್ಕಕ್ಕೆ ನಾಲ್ಕು ಪಿಕ್ಸೆಲ್‌ಗಳ ತುಣುಕು ಮಾಡಿ, ಪ್ರತಿ ತುಣುಕಿಗೆ ಎರಡೇ ಬಣ್ಣ ಬರೆದಿಟ್ಟುಕೊಂಡು, ನಡುವಿನ ಎರಡು ಛಾಯೆಗಳನ್ನು ಅವುಗಳಿಂದಲೇ ಬೆರೆಸಿಕೊಳ್ಳುತ್ತದೆ. ಹಳದಿಯ ಮೇಲೆ ಕೆಂಪು ಅಕ್ಷರ ಎಂದರೆ ಎರಡೇ ಬಣ್ಣ, ಅಂಚು ಚೊಕ್ಕಟವಾಗಿ ಬರುತ್ತದೆ. ಅದಕ್ಕೆ ತೆಳುವಾದ ನೀಲಿ ಅಂಚು ಕಟ್ಟಿದರೆ ಒಂದೇ ತುಣುಕಿನಲ್ಲಿ ಮೂರು ಬಣ್ಣ ನುಗ್ಗಿ ಅಂಚು ಕದಡುತ್ತದೆ. ನಯವಾಗಿ ಒಂದು ಬಣ್ಣದಿಂದ ಇನ್ನೊಂದಕ್ಕೆ ಜಾರುವ ಛಾಯೆಯೂ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಚಪ್ಪಟೆ ಬಣ್ಣ, ದಪ್ಪ ಅಂಚು: ಕಣ್ಣು ಕೇಳುವುದೂ ಇದನ್ನೇ, ಯಂತ್ರ ಕೇಳುವುದೂ ಇದನ್ನೇ.

ಉಳಿಸುವಾಗ ಮಿಪ್‌ಮ್ಯಾಪ್ ಆಯ್ಕೆಯನ್ನು ಎಂದೂ ಬಿಡಬಾರದು. ಮೂಲ ಚಿತ್ರದ ಅರ್ಧ, ಅದರರ್ಧ, ಅದರರ್ಧ ಎಂದು ಒಂದು ಪಿಕ್ಸೆಲ್‌ವರೆಗೆ ಕಿರಿದಾಗುವ ಪ್ರತಿಗಳು ಅದೇ ಕಡತದೊಳಗೆ ಸೇರುತ್ತವೆ. ಗಾತ್ರ ಮೂರನೆಯ ಒಂದು ಪಾಲು ಮಾತ್ರ ಹೆಚ್ಚುತ್ತದೆ. ಕಾರು ದೂರವಾದಂತೆ ಗೇಮ್ ಚಿಕ್ಕ ಪ್ರತಿಗಳನ್ನು ಬಳಸುತ್ತದೆ. ಅವಿಲ್ಲದಿದ್ದರೆ ದೂರದ ಕಾರಿನ ಅಕ್ಷರಗಳು ಮಿಣಮಿಣ ಎಂದು ಕುದಿಯುತ್ತವೆ.

ಹೊಳಪಿಗೆ ಬೇರೆಯೇ ಚಿತ್ರ. ಐರೇಸಿಂಗ್ ಎಂಬ ಇನ್ನೊಂದು ಗೇಮಿನಲ್ಲಿ ಅದು ತುಂಬ ಸ್ಪಷ್ಟ: ಆ ಚಿತ್ರದ ಕೆಂಪು ಎಂದರೆ ಲೋಹದ ಗುಣ, ಹಸಿರು ಎಂದರೆ ಒರಟುತನ, ನೀಲಿ ಎಂದರೆ ಮೇಲಿನ ಪಾರದರ್ಶಕ ಲೇಪ. ಅಲ್ಲಿ ಬಣ್ಣಗಳು ಬಣ್ಣಗಳಲ್ಲ, ಅಳತೆಗಳು. ಹೊಳಪು ಹೆಚ್ಚಿದಷ್ಟೂ ಮೈಮೇಲೆ ಆಕಾಶ ಪ್ರತಿಫಲಿಸಿ ಹಳದಿ ಬಿಳಿಚಿಕೊಳ್ಳುತ್ತದೆ. ನಮ್ಮ ಕಾರಿಗೆ ಮಂದ ಹೊಳಪೇ ಸಾಕೆನಿಸಿತು. 2017ರಲ್ಲಿ ಚೀನಾದ ಕಲಾವಿದೆ ಚಾವ್ ಫೇ ಬಿಎಂಡಬ್ಲ್ಯು ಎಂ6 ಜಿಟಿ3 ಕಾರನ್ನು ಬೆಳಕು ಪ್ರತಿಫಲಿಸದ ಕಪ್ಪಿನಲ್ಲಿ ಬಿಟ್ಟು, ಬಣ್ಣವನ್ನೆಲ್ಲ ಮೊಬೈಲ್ ಆ್ಯಪ್‌ನಲ್ಲಿ ಮಾತ್ರ ಕಾಣುವಂತೆ ಮಾಡಿದ್ದರು. ಮೇಲ್ಮೈಯ ಹೊಳಪೂ ಚಿತ್ರದ ಅರ್ಧ ಭಾಗ ಎಂಬುದು ಆ ಕಾರಿನ ಫೋಟೋ ನೋಡಿದರೆ ಅರ್ಥವಾಗುತ್ತದೆ.

ಕೊನೆಗೆ ಕಾರಿನ ಪಟ್ಟಿಯಲ್ಲಿ ಕಾಣುವ ಚಿತ್ರ. ಅಸೆಟ್ಟೊ ಕೊರ್ಸಾದಲ್ಲಿ ಇದರ ಅಳತೆ 1022ಕ್ಕೆ 575 ಪಿಕ್ಸೆಲ್, ಜೊತೆಗೆ 64ಕ್ಕೆ 64ರ ಪುಟ್ಟ ಗುರುತು. ಬೇರೆ ಕಾರುಗಳ ಚಿತ್ರ ಯಾವ ಕೋನದಿಂದ ತೆಗೆದದ್ದೋ ಅದೇ ಕೋನ, ಅದೇ ಬೆಳಕು ಇರಲಿ. ಆಗ ಮಾತ್ರ ಪಕ್ಕಪಕ್ಕ ಸರಿಸುತ್ತ ಹೋದಾಗ ಬಣ್ಣ ಹೋಲಿಸಲು ಬರುತ್ತದೆ.

ಮೊನ್ಜಾ ಟ್ರ್ಯಾಕಿನಲ್ಲಿ ಅಕ್ಕನ ಮಗನೂ ಗೆಳೆಯರೂ ಆನ್‌ಲೈನ್‌ನಲ್ಲಿ ಓಡಿಸಿದ ರೇಸಿನ ಮರುಪ್ರಸಾರವನ್ನು ನಾನು ಟ್ರ್ಯಾಕಿನ ಬದಿಯ ಕ್ಯಾಮೆರಾದಿಂದಲೇ ನೋಡಿದೆ. ಪರೀಕ್ಷೆ ನಡೆಯಬೇಕಾದ್ದು ಅಲ್ಲಿ, ಶೋರೂಮಿನ ನಿಂತ ಕಾರಿನಲ್ಲಲ್ಲ. ತಿರುವಿಗೆ ಬ್ರೇಕ್ ಹಾಕುವಾಗ ‘ಚಿತ್ರದುರ್ಗ’ ಪೂರ್ತಿ ಓದಿಸಿಕೊಂಡಿತು, ಅರ್ಕಾವೊತ್ತಿನ ಸಮೇತ. ಆದರೆ ಗೆಳೆಯರ ಪರದೆಗಳಲ್ಲಿ ಅದೇ ಕಾರು ಮೂಲ ಬಣ್ಣದಲ್ಲೇ ಓಡಿತ್ತು. ನಮ್ಮ ಫೋಲ್ಡರ್ ಅದೇ ಹೆಸರಿನಲ್ಲಿ ಅವರ ಕಂಪ್ಯೂಟರಿನಲ್ಲೂ ಇದ್ದರಷ್ಟೇ ಅವರಿಗೆ ಕಾಣುತ್ತದೆ. ಜಿಪ್ ಮಾಡಿ ಎಲ್ಲರಿಗೂ ಕಳಿಸಿದ. ನಂದಿನಿಯ ಗುರುತು ಇರುವುದರಿಂದ ಇದು ಗೆಳೆಯರೊಳಗಿನ ಆಟಕ್ಕೆ ಮಾತ್ರ. ಮಾರಾಟಕ್ಕಂತೂ ಇಡಕೂಡದು ಎಂದು ಅವನಿಗೆ ಹೇಳಿಟ್ಟಿದ್ದೇನೆ.

ಅವನ ಇನ್ನೊಬ್ಬ ಗೆಳೆಯ ಹುಬ್ಬಳ್ಳಿಯ ಹುಡುಗ. ಅವನಿಗೂ ಕಾರಿನ ಮೇಲೆ ತನ್ನ ಊರು ಬೇಕು. ಅವನು ಆಡುವುದು ಪ್ಲೇಸ್ಟೇಷನ್‌ನ ಗ್ರಾನ್ ಟುರಿಸ್ಮೊ 7. ಅಲ್ಲಿ ಫೋಲ್ಡರ್ ತೆರೆಯುವಂತಿಲ್ಲ. ಹೊರಗಿನಿಂದ ಬರುವ ಗುರುತು ಎಸ್‌ವಿಜಿ ಕಡತವಾಗಿರಬೇಕು, 15 ಕೆಬಿ ಮೀರಬಾರದು. ಗುಂಡಗಿನ ಕನ್ನಡ ಅಕ್ಷರದ ಪ್ರತಿ ತಿರುವಿಗೂ ಬಿಂದುಗಳು ಬೇಕು, ಪ್ರತಿ ಬಿಂದುವೂ ಒಂದಿಷ್ಟು ಬೈಟ್ ತಿನ್ನುತ್ತದೆ. ‘ಹುಬ್ಬಳ್ಳಿ’ಯಲ್ಲಿ ಎರಡು ಒತ್ತು, ಒಂದು ಕೊಂಬು, ಒಂದು ಗುಡಿಸು. ಬಿಂದುಗಳ ದಶಮಾಂಶ ಕತ್ತರಿಸಿ, ಬಳುಕು ಕೆಡದಂತೆ ಒಂದೊಂದೇ ಬಿಂದು ತೆಗೆಯುವ ಕೆಲಸ ಈಗ ನಡೆದಿದೆ. ಬಕಾರದ ಒತ್ತು ಮುಗಿದಿದೆ, ಳಕಾರದ್ದು ಬಾಕಿ.