ದುಬೈಗೆ ಹೊರಟಿದ್ದೇವೆ, ಕರ್ಚಿಕಾಯಿ ಒಯ್ಯಬಹುದೇ?

ಪ್ರಶ್ನೆ: ದುಬೈನಲ್ಲಿರುವ ಮಗನ ಮನೆಗೆ ಯಜಮಾನರ ಜೊತೆ ಹೊರಟಿದ್ದೇನೆ. ಅವರಿಗೆ ಸೊಂಟನೋವಿಗೆ ಟ್ರಮಡಾಲ್ ಮಾತ್ರೆ ಇದೆ. ಮೊಮ್ಮಗಳಿಗೆ ಕರ್ಚಿಕಾಯಿ ಒಯ್ಯುವಾಸೆ. ಅಲ್ಲಿ ಕಾನೂನು ಬಲು ಬಿಗಿಯಂತೆ, ಭಯವಾಗುತ್ತಿದೆ.
– ಓದುಗರು, ಹಗರಿಬೊಮ್ಮನಹಳ್ಳಿ

ವಕೀಲರ ಉತ್ತರ: ತಾಯಿ, ಕರ್ಚಿಕಾಯಿ ಒಯ್ಯಿರಿ, ಆದರೆ ಹೂರಣಕ್ಕೆ ಗಸಗಸೆ ಹಾಕಬೇಡಿ. ಯುಎಇಯಲ್ಲಿ ಅದು ನಿಷಿದ್ಧ. ಮಸಾಲೆಪುಡಿಯಲ್ಲಿ ಚಿಟಿಕೆಯಷ್ಟು ಬೆರೆತಿದ್ದರೂ ಮನೆಯಲ್ಲೇ ಬಿಡಿ. ‘ನಮ್ಮ ಹುಡುಗನಿಗೆ ಮುಟ್ಟಿಸಿ’ ಎಂದು ಊರವರು ಕೊಡುವ ಗಂಟನ್ನಂತೂ ಒಪ್ಪಿಕೊಳ್ಳಲೇಬೇಡಿ. ನಿಮ್ಮ ಚೀಲದಲ್ಲಿ ಸಿಕ್ಕಿದ್ದಕ್ಕೆ ನೀವೇ ಹೊಣೆ.

ನನಗೆ ಹೆಚ್ಚು ಚಿಂತೆ ಮಾತ್ರೆಯದು. ಟ್ರಮಡಾಲ್ ಅಲ್ಲಿ ನಿಯಂತ್ರಿತ ಔಷಧ. ಬದಲಿ ಮಾತ್ರೆ ಆಗುತ್ತದೆಯೇ ಎಂದು ನಿಮ್ಮ ವೈದ್ಯರನ್ನು ಈಗಲೇ ಕೇಳಿ. ತಾವಾಗಿಯೇ ನಿಲ್ಲಿಸುವುದು ಬೇಡ. ಅದೇ ಬೇಕೆಂದರೆ, ಅಲ್ಲಿನ ಸರ್ಕಾರದ ಅಧಿಕೃತ ಜಾಲತಾಣದಲ್ಲಿ ಮಗನಿಂದ ಅರ್ಜಿ ಹಾಕಿಸಿ, ಅನುಮತಿ ಬಂದ ಮೇಲೆಯೇ ಹೊರಡಿ. ಮಾತ್ರೆ ಮೂಲ ಪೊಟ್ಟಣದಲ್ಲೇ ಇರಲಿ, ವೈದ್ಯರ ಚೀಟಿ ಇಂಗ್ಲಿಷಿನಲ್ಲಿ ಸಹಿ, ಮೊಹರಿನೊಂದಿಗಿರಲಿ.

ಇನ್ನು ಅಲ್ಲಿನ ಬಿಗಿ ಕಾನೂನಿನ ಮಾತು: ಸೀರೆಗೆ ಅಡ್ಡಿಯಿಲ್ಲ. ಅಪರಿಚಿತರ ಫೋಟೊ ತೆಗೆಯಬೇಡಿ, ವಾಟ್ಸ್‌ಆ್ಯಪ್‌ನಲ್ಲಿ ಬೈಗುಳ ಕಳಿಸಿದರೂ ಅಲ್ಲಿ ಅಪರಾಧವೇ.

ಪೊಲೀಸರು ತಡೆದರೆ ಅರ್ಥವಾಗದ ಅರಬ್ಬಿ ಕಾಗದಕ್ಕೆ ಸಹಿ ಹಾಕದೆ ದುಭಾಷಿಯನ್ನು ಕೇಳಿ. ಮಗನ ಮೂಲಕ ದುಬೈನ ಭಾರತೀಯ ಕಾನ್ಸುಲೇಟ್‌ಗೆ ತಿಳಿಸಿ, ಅಲ್ಲಿನ ವಕೀಲರನ್ನು ಹಿಡಿಯಿರಿ.