ಪಂಚೆ ಬಿಳಿಯೋ ಹಳದಿಯೋ? ಸ್ಕೋಪ್ ನೋಡಿ ಹೇಳಿ

ಬಂಧುಗಳ ಮದುವೆಯ ವಿಡಿಯೊ ಎಡಿಟ್ ಮಾಡಲು ಕೂತಾಗ ರಾತ್ರಿ ಹನ್ನೊಂದಾಗಿತ್ತು. ಕೋಣೆಯ ದೀಪ ಆರಿಸಿದ್ದೆ. ಲ್ಯಾಪ್‌ಟಾಪ್‌ನಲ್ಲಿ ಧಾರೆಯ ದೃಶ್ಯ ಝಗಮಗಿಸುತ್ತಿತ್ತು. ಮರುದಿನ ಅವರ ಮನೆಯ ಟಿ.ವಿ.ಯಲ್ಲಿ ಹಾಕಿದರೆ ಮದುಮಗನ ಮುಖವೆಲ್ಲ ಮಬ್ಬು, ಪಂಚೆ ಅರಿಸಿನದ ನೀರಲ್ಲಿ ಅದ್ದಿ ತೆಗೆದ ಹಾಗೆ. 'ನಾವು ಬಿಳೀ ಪಂಚೇನೇ ತಂದಿದ್ವಲ್ಲೋ' ಎಂದರು ಅತ್ತೆ.

ಕಣ್ಣಿನ ಗುಣವೇ ಹಾಗೆ. ಕತ್ತಲ ಕೋಣೆಯಲ್ಲಿ ಮಂದ ಚಿತ್ರವೂ ಬೆಳಗಿದಂತೆ ಕಾಣುತ್ತದೆ. ಹತ್ತು ನಿಮಿಷ ಹಳದಿಯನ್ನೇ ನೋಡುತ್ತಿದ್ದರೆ ಅದೇ ಬಿಳಿ ಎನಿಸುತ್ತದೆ. ಹೀಗೆ ಹೊಂದಿಕೊಂಡುಬಿಡದೆ ಇದ್ದದ್ದನ್ನು ಇದ್ದ ಹಾಗೆ ಅಳೆಯುವುದು ವೇವ್‌ಫಾರ್ಮ್ ಮಾನಿಟರ್. ಒಂದು ಕಾಲಕ್ಕೆ ಟಿ.ವಿ. ಕೇಂದ್ರಗಳ ಎಂಜಿನಿಯರುಗಳ ಮುಂದಷ್ಟೇ ಇರುತ್ತಿದ್ದ ಈ ಸಲಕರಣೆ ಈಗ ಎಡಿಟಿಂಗ್ ತಂತ್ರಾಂಶವಾದ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲೂ ಸಿಗುತ್ತದೆ. ಮೊದಲು ಬೆಳಕು, ಆಮೇಲೆ ಬಣ್ಣ, ಕೊನೆಗೆ ಮುಖ: ಈ ಕ್ರಮ ತಪ್ಪಬೇಡಿ.

1. ಗೆರೆ ಓದುವುದು

ರಿಸಾಲ್ವ್‌ನಲ್ಲಿ ವರ್ಕ್‌ಸ್ಪೇಸ್ ಮೆನುಗೆ ಹೋಗಿ ವಿಡಿಯೊ ಸ್ಕೋಪ್ಸ್ ಆನ್ ಮಾಡಿ. ಪ್ರೀಮಿಯರ್ ಪ್ರೊ ಬಳಸುವವರಿಗೆ ಲುಮೆಟ್ರಿ ಸ್ಕೋಪ್ಸ್ ಇದೆ. ಚಿತ್ರದ ಎಡಭಾಗದಲ್ಲಿ ಇರುವುದು ವೇವ್‌ಫಾರ್ಮ್‌ನಲ್ಲೂ ಎಡಕ್ಕೇ, ಬಲಕ್ಕಿರುವುದು ಬಲಕ್ಕೇ ಕಾಣುತ್ತದೆ. ಆದರೆ ಎತ್ತರ ಮಾತ್ರ ಬೆಳಕಿನ ಲೆಕ್ಕ. ಮದುಮಗ ಬಲಗಡೆ ಕೂತಿದ್ದರೆ ಅವನ ಪಂಚೆ ಚಿತ್ರದಲ್ಲಿ ಕೆಳಗಿದ್ದರೂ ಸ್ಕೋಪ್‌ನ ಬಲಗಡೆ ಮೇಲೆ ಏರಿರುತ್ತದೆ. ಅವನ ತಲೆಗೂದಲು ತಳದಲ್ಲಿರುತ್ತದೆ. 0 ಅಂದರೆ ಪೂರ್ತಿ ಕಪ್ಪು, 100 ಅಂದರೆ ಪೂರ್ತಿ ಬಿಳಿ. ರಿಸಾಲ್ವ್ ಇದನ್ನು 0ಯಿಂದ 1023ರವರೆಗೆ ತೋರಿಸಿದರೆ ಸ್ಕೋಪ್‌ನ ಸೆಟ್ಟಿಂಗ್‌ನಲ್ಲಿ ಶೇಕಡಾವಾರಿಗೆ ಬದಲಿಸಿಕೊಳ್ಳಿ.

2. ಬೆಳಕಿನ ಎರಡು ತುದಿ

ಕತ್ತಲ ಭಾಗಕ್ಕೆ ಲಿಫ್ಟ್; ಅದನ್ನು ಇಳಿಸಿ ಕೂದಲು, ನೆರಳುಗಳನ್ನು 5ರ ಆಸುಪಾಸಿಗೆ ತನ್ನಿ. ಬೆಳಗಿದ ಭಾಗಕ್ಕೆ ಗೇನ್; ಅದನ್ನು ಏರಿಸಿ ಪಂಚೆಯನ್ನು 85–90ರಲ್ಲಿ ನಿಲ್ಲಿಸಿ. ದೀಪದ ಕುಡಿ 100 ಮುಟ್ಟಿದರೆ ಅಡ್ಡಿಯಿಲ್ಲ. ನಡುವಿನ ಬೆಳಕಿಗೆ ಗಾಮಾ.

ಮೇಲ್ತುದಿಯಲ್ಲಿ ಗೆರೆ ಕತ್ತರಿಸಿದಂತೆ ಚಪ್ಪಟೆಯಾಗಿದ್ದರೆ ಅಲ್ಲಿ ಓವರ್ ಆಗಿದೆ ಎಂದರ್ಥ. ಗೇನ್ ಇಳಿಸಿ ನೋಡಿ. ಹಲವು ಕ್ಯಾಮೆರಾಗಳು 100 ದಾಟಿ 109ರವರೆಗೂ ಚಿತ್ರ ಹಿಡಿದಿಟ್ಟಿರುತ್ತವೆ. ಹಾಗಿದ್ದರೆ ಪಂಚೆಯ ಮಡಿಕೆಗಳು ಮತ್ತೆ ಕಾಣುತ್ತವೆ. ಚಪ್ಪಟೆ ಗೆರೆ ಚಪ್ಪಟೆಯಾಗಿಯೇ ಕೆಳಗಿಳಿದರೆ ಅಲ್ಲಿ ಉಳಿದಿರುವುದೇನೂ ಇಲ್ಲ.

3. ಬಿಳಿಯನ್ನು ಬಿಳಿ ಮಾಡುವುದು

ಈಗ ಪೆರೇಡ್‌ಗೆ ಬದಲಿಸಿ. ಕೆಂಪು, ಹಸಿರು, ನೀಲಿ ಮೂರರ ಗೆರೆಯೂ ಪಕ್ಕಪಕ್ಕದಲ್ಲಿ ಮೂಡುತ್ತದೆ. ಬಿಳಿ, ಬೂದು, ಕಪ್ಪು ವಸ್ತುಗಳಲ್ಲಿ ಮೂರೂ ಒಂದೇ ಎತ್ತರದಲ್ಲಿರಬೇಕು. ನನ್ನ ಧಾರೆಯ ಶಾಟ್‌ನಲ್ಲಿ ಪಂಚೆಯ ಜಾಗದಲ್ಲಿ ಕೆಂಪು 88, ಹಸಿರು 84, ನೀಲಿ ಬರೀ 65. ಛತ್ರದ ಹಳದಿ ದೀಪಗಳ ಕೆಲಸ ಅದು! ಗೇನ್‌ನಲ್ಲಿ ನೀಲಿಯನ್ನಷ್ಟೇ ಏರಿಸಿ, ಕೆಂಪನ್ನು ತುಸು ಇಳಿಸಿದಾಗ ಪಂಚೆ ಮಡಿಯಾಯಿತು. ಕೆಂಪು ಸೀರೆಯ ಜಾಗದಲ್ಲಿ ಮೂರನ್ನೂ ಸಮ ಮಾಡಲು ಹೋಗಬೇಡಿ. ಅಲ್ಲಿ ಕೆಂಪು ಮೇಲಿರುವುದೇ ಸರಿ.

4. ಮುಖದ ಬಣ್ಣ

ವೆಕ್ಟರ್‌ಸ್ಕೋಪ್ ದುಂಡಗಿರುತ್ತದೆ. ಅದರಲ್ಲಿ ದಿಕ್ಕು ಅಂದರೆ ಬಣ್ಣ, ನಡುವಿನಿಂದ ದೂರ ಅಂದರೆ ಆ ಬಣ್ಣದ ಗಾಢತೆ. ಗಡಿಯಾರದ 11ರ ದಿಕ್ಕಿಗೆ, ಹಳದಿಗೂ ಕೆಂಪಿಗೂ ನಡುವೆ, ಚರ್ಮದ ಬಣ್ಣದ ಗೆರೆಯಿದೆ. ಕಪ್ಪು, ಗೋಧಿ, ಬಿಳಿ ಯಾವ ಮೈಬಣ್ಣವಾದರೂ ಈ ಗೆರೆಯ ಹತ್ತಿರವೇ ಬೀಳುತ್ತದೆ. ಗೆರೆ ಬಿಟ್ಟು ಹಳದಿಯತ್ತ ವಾಲಿದರೆ ಮುಖ ಕಾಮಾಲೆ ಹಿಡಿದಂತೆ ಕಾಣುತ್ತದೆ.

ಚಿತ್ರದಲ್ಲಿ ಸೀರೆ, ಹೂವು ಎಲ್ಲ ಇದ್ದಾಗ ಮುಖ ಯಾವುದೆಂದು ತಿಳಿಯುವುದಿಲ್ಲ. ಕೆನ್ನೆಯ ಸುತ್ತ ಪವರ್ ವಿಂಡೊ ಹಾಕಿ ಹೈಲೈಟ್ ಒತ್ತಿ. ಉಳಿದದ್ದೆಲ್ಲ ಬೂದಾಗಿ ನಡುವಿಗೆ ಸೇರುತ್ತದೆ, ಮುಖದ ಚುಕ್ಕೆಗಳಷ್ಟೇ ಉಳಿಯುತ್ತವೆ. ಆಮೇಲೆ ವಿಂಡೊ ತೆಗೆಯಲು ಮರೆಯಬೇಡಿ.

ಮೈಬಣ್ಣಗಳ ವ್ಯತ್ಯಾಸವಿರುವುದು ಬೆಳಕಿನ ಎತ್ತರದಲ್ಲಿ. ಎಣ್ಣೆಗಪ್ಪಿನ ಮುಖ ವೇವ್‌ಫಾರ್ಮ್‌ನಲ್ಲಿ 40ರ ಆಸುಪಾಸು, ಗೋಧಿ ಬಣ್ಣ 50ರ ಆಸುಪಾಸು, ಬೆಳ್ಳಗಿನದು 60–70 ಇದ್ದರೆ ಸಹಜ. 'ಹುಡುಗೀನ ಸ್ವಲ್ಪ ಬೆಳ್ಳಗೆ ಮಾಡಿಕೊಡಿ' ಎಂಬ ಬೇಡಿಕೆ ಬರುತ್ತದೆ. ಎಲ್ಲರನ್ನೂ 70ಕ್ಕೆ ಎಳೆದರೆ ಮುಖದ ಕಳೆ ಹೋಗಿ ಪೌಡರ್ ಉಳಿಯುತ್ತದೆ.

5. ಎರಡು ಕ್ಯಾಮೆರಾಗಳ ಹೊಂದಾಣಿಕೆ

ಸರಿಪಡಿಸಿದ ಶಾಟ್‌ನಿಂದ ಸ್ಟಿಲ್ ತೆಗೆದಿಟ್ಟುಕೊಳ್ಳಿ. ಎರಡನೆಯ ಕ್ಯಾಮೆರಾದ ಶಾಟ್ ತೆರೆದು ಸ್ಟಿಲ್ ಜತೆ ವೈಪ್ ಹಾಕಿದರೆ ಸ್ಕೋಪ್‌ನಲ್ಲೂ ಎರಡೂ ಅಕ್ಕಪಕ್ಕ ಕಾಣುತ್ತವೆ. ಪಂಚೆಯ ಎತ್ತರ ಪಂಚೆಗೆ, ಮುಖದ ಎತ್ತರ ಮುಖಕ್ಕೆ ಹೊಂದಿಸಿ.

ಗಮನಿಸಿ

* ಎಡಿಟ್ ಮಾಡುವಾಗ ಕೋಣೆಯಲ್ಲಿ ಹದವಾದ ಬಿಳಿ ಬೆಳಕಿರಲಿ.
* ಸ್ಕ್ರೀನ್‌ನ ನೈಟ್ ಮೋಡ್ ಆಫ್ ಮಾಡಿ.
* ಹೋಮದ ಶಾಟ್‌ಗೆ ಬಂದಾಗ ಪೆರೇಡ್‌ನಲ್ಲಿ ಕೆಂಪು ಜಾಸ್ತಿಯೇ ಇರುತ್ತದೆ, ನೀಲಿ ತಳ ಹಿಡಿದಿರುತ್ತದೆ. ಕೈ ಹಚ್ಚಬೇಡಿ. ಬೆಂಕಿಯ ಮುಂದೆ ಕೂತವನ ಪಂಚೆ ಕೆಂಪಗೇ ಕಾಣಬೇಕು. ಅದಕ್ಕೆ ನಮ್ಮ ಅತ್ತೆಯ ತಕರಾರೂ ಇರಲಿಲ್ಲ.